ಮರಿ ಜೀಪಿನಲ್ಲಿ ಅತ್ತೆಯ ತವರಿಗೆ

ನಮ್ಮ ಮನೆಗೆ ಹೊಸ ಕಾರು ಬಂದು ಐದು ವಾರವಾಯಿತು. ಯಾವ ಕಾರು ಎಂದು ಹೆಸರು ಹೇಳುವುದಿಲ್ಲ. ಹೊಗಳಿದರೆ ಜಾಹೀರಾತಾದೀತು, ತೆಗಳಿದರೆ ಚಾಡಿಯಾದೀತು. ಈಗ ಬೀದಿಗೆ ನಾಲ್ಕು ಕಾಣುತ್ತವಲ್ಲ, ಜೀಪಿನಂತೆ ಎತ್ತರ, ಆದರೆ ಉದ್ದದಲ್ಲಿ ಮೋಟು, ಆ ಜಾತಿಯದು. ಎಸ್‌ಯುವಿ ಅನ್ನುತ್ತಾರೆ. ನಮ್ಮ ಅತ್ತೆ ಇದಕ್ಕೆ 'ಮರಿ ಜೀಪು' ಎಂದು ಹೆಸರಿಟ್ಟಿದ್ದಾರೆ. ಮನೆಯಲ್ಲಿ ಈಗ ಅದೇ ಹೆಸರು.

ಇದು ಮೋಟಾಗಿರುವುದಕ್ಕೂ ಕಾರಣವಿದೆ, ಸೋದರಿಯರೇ. ಉದ್ದ 4 ಮೀಟರ್ ಮೀರದೆ, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದೆ ಇದ್ದರೆ ಸರ್ಕಾರ ಅದನ್ನು ಸಣ್ಣ ಕಾರೆಂದು ಎಣಿಸಿ ಕಡಿಮೆ ತೆರಿಗೆ ಹಾಕುತ್ತದೆ. ಆ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹಾಗಾಗಿ ನನ್ನ ಚೀಟಿ ದುಡ್ಡು, ಹಳೇ ಕಾರು ಮಾರಿದ ದುಡ್ಡು, ಜೊತೆಗೆ ಬ್ಯಾಂಕಿನ ಸಾಲ, ಇಷ್ಟರಲ್ಲಿ ಹೇಗೋ ಕೈಗೆಟುಕಿತು.

ಹಳೇ ಕಾರಿಗೆ ಏನಾಗಿತ್ತು ಎಂದು ನೀವು ಕೇಳಬಹುದು. ಏನೂ ಆಗಿರಲಿಲ್ಲ. ಆದದ್ದು ಅತ್ತೆಯ ಮಂಡಿಗೆ. ಆ ಕಾರು ತೀರಾ ತಗ್ಗು. ಕೂರುವುದೆಂದರೆ ಹಳ್ಳಕ್ಕಿಳಿದ ಹಾಗೆ, ಏಳುವುದೆಂದರೆ ಇಬ್ಬರು ಹಿಡಿದೆಳೆಯಬೇಕು. ಒಮ್ಮೆ ಮದುವೆ ಛತ್ರದ ಮುಂದೆ ನಾಲ್ಕು ಜನರ ಎದುರಿಗೆ ಹಾಗೆ ಎಳೆದು ಎಬ್ಬಿಸಬೇಕಾಯಿತು. ಅವರು ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ಯಾವ ಸಮಾರಂಭಕ್ಕೆ ಕರೆದರೂ ಒಂದೇ ಮಾತು: "ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ." ಹೀಗೆ ಆರು ವರ್ಷ ಕಳೆಯಿತು. ಅವರ ತವರು ಘಟ್ಟದ ಕೆಳಗೆ, ಹೆಬ್ರಿಯ ಹತ್ತಿರ. ಅಲ್ಲಿ ಎಂಬತ್ತಾರು ವರ್ಷದ ಅಣ್ಣ ಇದ್ದಾರೆ. ಭಾನುವಾರ ಭಾನುವಾರ ಅಣ್ಣ ತಂಗಿ ಫೋನಿನಲ್ಲಿ ಮಾತಾಡುವುದು. ಇಬ್ಬರಿಗೂ ಕಿವಿ ಮಂದ. ಮಾತು ಮುಗಿದ ಮೇಲೆ ಅತ್ತೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ಅದನ್ನು ನೋಡುತ್ತಿದ್ದವಳು ನಾನು.

ಶೋರೂಮಿಗೆ ಹೋದಾಗ ನಮ್ಮ ಯಜಮಾನರು ಮೈಲೇಜ್ ಎಷ್ಟು ಎಂದು ಕೇಳಿದರು. ಮಗ ಟಿವಿಯಂಥ ಪರದೆಯ ಮುಂದೆ ಕೂತ. ನಾನು ಬ್ಯಾಗಿನಿಂದ ಹೊಲಿಗೆ ಟೇಪು ತೆಗೆದೆ! ಅತ್ತೆ ಯಾರ ಆಸರೆಯೂ ಇಲ್ಲದೆ ಏಳುವುದು ಅವರ ಮಂಚದಿಂದ ಮಾತ್ರ. ಅದರ ಎತ್ತರ 23 ಅಂಗುಲ. ಹಳೇ ಕಾರಿನ ಸೀಟು ನೆಲದಿಂದ 19 ಅಂಗುಲ, ಇದರದು 25. ಶೋರೂಮಿನ ಹುಡುಗ ನಕ್ಕ. ನಗಲಿ ಬಿಡಿ. ನನಗೆ ಬೇಕಾದ ಲೆಕ್ಕ ಸಿಕ್ಕಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಶಿವಮೊಗ್ಗದಿಂದ ಹೊರಟೆವು. ಹೊರಡುವಾಗಲೇ ಪರೀಕ್ಷೆ. ಎರಡು ಅಂಗುಲ ಹೆಚ್ಚೆಂದರೆ ಅಷ್ಟೂ ಹತ್ತಬೇಕಲ್ಲ! ಸೀರೆ ಉಟ್ಟವರು ಒಂದು ಕಾಲು ಮೊದಲು ಒಳಗಿಟ್ಟು ಹತ್ತಲು ಹೋದರೆ ಆಗದು. ಸೀಟಿಗೆ ಬೆನ್ನು ಮಾಡಿ ಮೊದಲು ಕೂರಬೇಕು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಬೇಕು. ಕಾಲ ಕೆಳಗೆ ಊಟದ ಮಣೆಯೊಂದನ್ನು ಇಟ್ಟೆ. ಅತ್ತೆ ಬಾಗಿಲ ಮೇಲಿನ ಹಿಡಿ ಹಿಡಿದು ತಾವೇ ಕೂತರು. ಕೂತು ಸೆರಗು ಸರಿಮಾಡಿಕೊಂಡು, "ಇನ್ನೇನು, ಹೊರಡಿ" ಅಂದರು. ಯಾರೂ ಎಳೆಯಲಿಲ್ಲ, ಯಾರೂ ತಳ್ಳಲಿಲ್ಲ.

ತೀರ್ಥಹಳ್ಳಿಯವರೆಗೆ ಸುಮಾರು 60 ಕಿಲೋಮೀಟರು ನಾನೇ ಓಡಿಸಿದೆ. ನಾನು ಲೈಸೆನ್ಸ್ ಮಾಡಿಸಿದ್ದೇ ನಲವತ್ತೆರಡಕ್ಕೆ. ಎತ್ತರದಲ್ಲಿ ಕೂತರೆ ರಸ್ತೆ ದೂರದವರೆಗೆ ಕಾಣುತ್ತದೆ, ಧೈರ್ಯ ಬರುತ್ತದೆ. ಗಾಜನೂರಿನ ಹಿನ್ನೀರು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆ ಎಲ್ಲ ದಾಟಿತು. ಹಂಪುಗಳ ಮೇಲೆ ಹಳೇ ಕಾರಿನ ಹೊಟ್ಟೆ ಕೆರೆದು ಕರ್ ಅನ್ನುತ್ತಿತ್ತು. ಇದು ಮೆಲ್ಲಗೆ ದಾಟುತ್ತದೆ. ಒಂದು ಕೊರತೆ ಅತ್ತೆಯೇ ಹೇಳಿದರು: "ಏನೂ ಕಾಣಲ್ಲ ಕಣೇ, ಬರೀ ಆಕಾಶ." ಹಿಂದಿನ ಕಿಟಕಿ ಮೇಲಕ್ಕಿದೆ, ಗಿಡ್ಡಗಿರುವವರಿಗೆ ಎಟುಕದು. ತೀರ್ಥಹಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಒಂದು ದಿಂಬು ಕೊಂಡು ಕೂರಿಸಿದೆವು. ಆಮೇಲೆ ತುಂಗೆಯ ಸೇತುವೆ ಕಂಡಿತು, ಅತ್ತೆ ಕೈ ಮುಗಿದರು.

ಆಗುಂಬೆಯಲ್ಲಿ ಸ್ಟೀರಿಂಗ್ ಯಜಮಾನರಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಘಾಟಿಯಲ್ಲಿ 14 ಕಡಿದಾದ ತಿರುವುಗಳು, ಒಂದು ಪಕ್ಕ ಪ್ರಪಾತ. ನಾನು ಇಳಿಯಲು ಬಾಗಿಲು ತೆಗೆದೆ. ಹಿಂದಿನಿಂದ ಅತ್ತೆ, "ಅವಳೇ ಹೊಡೀಲಿ ಬಿಡೋ. ನಿಧಾನಕ್ಕೆ ಹೋಗ್ತಾಳೆ" ಅಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನನ್ನ ಸಾರಿಗೂ ಸಿಕ್ಕದ ಸರ್ಟಿಫಿಕೇಟು ಅದು! ಯಜಮಾನರು ಬಾಯಿ ಮುಚ್ಚಿ ಬೆಲ್ಟ್ ಬಿಗಿ ಮಾಡಿಕೊಂಡರು.

ಘಾಟಿ ಇಳಿಯುವವರಿಗೆ ನಾನು ಕಲಿತದ್ದು ಹೇಳುತ್ತೇನೆ. ಎರಡನೇ ಗೇರಿನಲ್ಲೇ ಇಳಿಯಬೇಕು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಹೋದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಮೇಲೆ ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಮರಿ ಜೀಪಿನ ಇನ್ನೊಂದು ದೋಷ ತಿಳಿದದ್ದೂ ಅಲ್ಲಿಯೇ. ಮುಂದಿನ ಗಾಜಿನ ಪಕ್ಕದ ಕಂಬ ಬಹಳ ದಪ್ಪ. ತಿರುವಿನಲ್ಲಿ ಒಂದು ಬೈಕ್ ಪೂರ್ತಿ ಅದರ ಹಿಂದೆ ಮರೆಯಾಗಿತ್ತು, ಎದೆ ಧಸಕ್ಕೆಂದಿತು. ಆಮೇಲೆ ಪ್ರತಿ ತಿರುವಿಗೂ ಹಾರನ್ ಮಾಡಿ, ಮುಂದಕ್ಕೆ ಬಾಗಿ ಇಣುಕಿ ನೋಡಿಯೇ ತಿರುಗಿಸಿದೆ. ಗಾಡಿ ಎತ್ತರವಾದ್ದರಿಂದ ತಿರುವಿನಲ್ಲಿ ಮೈ ವಾಲುತ್ತದೆ, ಹೊಟ್ಟೆ ತೊಳಸುತ್ತದೆ. ಒಣಗಿಸಿದ ಉಪ್ಪು ನೆಲ್ಲಿಕಾಯಿ ಬಾಯಲ್ಲಿದ್ದರೆ ಒಳ್ಳೆಯದು. ಸೋಮೇಶ್ವರ ಮುಟ್ಟಿದಾಗ ನನ್ನ ರವಿಕೆ ಬೆವರಿನಲ್ಲಿ ಒದ್ದೆ. ಅತ್ತೆ ಮಾತ್ರ ನೆಲ್ಲಿಕಾಯಿ ಚೀಪುತ್ತಾ, "ಸೆಖೆ ಶುರುವಾಯ್ತು, ನಮ್ಮೂರು ಬಂತು" ಅಂದರು.

ತವರಿನ ಅಂಗಳದಲ್ಲಿ ಅಣ್ಣ ಕೋಲೂರಿ ನಿಂತಿದ್ದರು. ಅತ್ತೆ ಮಣೆಯ ಮೇಲೆ ಕಾಲಿಟ್ಟು ತಾವೇ ಇಳಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ಸಪೂರ ಆಗಿದ್ದಿ" ಎಂದರು ಅಣ್ಣ. "ನೀನೂ" ಎಂದರು ಅತ್ತೆ. ಆರು ವರ್ಷಕ್ಕೆ ಅಷ್ಟೇ ಮಾತು. ನಾನು ಹಣ್ಣಿನ ಚೀಲ ಇಳಿಸುವ ನೆಪದಲ್ಲಿ ಡಿಕ್ಕಿಯ ಕಡೆ ಹೋಗಿ ಕಣ್ಣೊರೆಸಿಕೊಂಡೆ.

ಸಂಜೆ ಅತ್ತೆ, "ಅಣ್ಣನ್ನೂ ಒಂದು ಸುತ್ತು ಕರ್ಕೊಂಡು ಹೋಗೋಣ್ವೇನೇ?" ಎಂದು ನನ್ನನ್ನೇ ಕೇಳಿದರು. ಅವರೂ ಗೇಟು ದಾಟದೆ ಎರಡು ವರ್ಷವಾಗಿತ್ತಂತೆ. ಅದೇ ಮಣೆ, ಅದೇ ಹಿಡಿ, ಬೆನ್ನು ಮಾಡಿ ಕೂತು ಕಾಲು ಒಳಗೆ. ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಸೀತಾನದಿಯ ದಡಕ್ಕೆ ಹೋದೆವು. ಬೇಸಿಗೆಯಲ್ಲವೇ, ನೀರು ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಅವರು ಇಳಿಯಲಿಲ್ಲ. ಬಾಗಿಲು ತೆರೆದು, ಸೀಟಿನಲ್ಲೇ ಕೂತು, ಅರ್ಧ ಗಂಟೆ ಹೊಳೆ ನೋಡಿದರು. ಚಿಕ್ಕವರಿದ್ದಾಗ ಯಾರು ಯಾರನ್ನು ನೀರಿಗೆ ನೂಕಿದ್ದು ಎಂಬ ಜಗಳ ಅಲ್ಲಿಯೂ ತೀರ್ಮಾನವಾಗಲಿಲ್ಲ.

ಮರುದಿನ ವಾಪಸು. ಡಿಕ್ಕಿಯ ತುಂಬ ತೆಂಗಿನಕಾಯಿ. ಯಜಮಾನರು ತಾಯಿಯ ಜೊತೆ ಹಿಂದೆ ಕೂತರು. ಮುಂದಿನ ಸೀಟಿಗೆ ಹಲಸಿನಹಣ್ಣು ಬಂತು. ಕಾರು ಅದನ್ನೂ ಮನುಷ್ಯನೆಂದೇ ತಿಳಿದು ಕುಂಯ್ ಕುಂಯ್ ಎಂದು ಗಲಾಟೆ ಮಾಡಿತು. ಕೊನೆಗೆ ಹಲಸಿಗೂ ಸೀಟ್ ಬೆಲ್ಟ್ ಹಾಕಿ ಹೊರಟೆವು! ಘಾಟಿ ಹತ್ತುವಾಗ ಒಂದು ತಿರುವಿನಲ್ಲಿ ಮಿನಿಬಸ್ಸಿನ ಹಿಂದೆ ನಿಲ್ಲಿಸಬೇಕಾಯಿತು. ಬ್ರೇಕಿನಿಂದ ಕಾಲು ತೆಗೆದರೂ ಒಂದೆರಡು ಸೆಕೆಂಡು ಗಾಡಿ ಹಿಂದಕ್ಕೆ ಜಾರದಂತೆ ತಾನೇ ಹಿಡಿದುಕೊಳ್ಳುತ್ತದೆ. ನನ್ನಂಥವರಿಗೆ ಅದು ದೊಡ್ಡ ಉಪಕಾರ.

ಊರಿಗೆ ಬಂದ ಮೇಲೆ ಯಜಮಾನರು ಲೆಕ್ಕ ಹಾಕಿದರು. ಲೀಟರಿಗೆ ಹದಿನೈದು ಕಿಲೋಮೀಟರು; ಶೋರೂಮಿನವರು ಹೇಳಿದ್ದಕ್ಕಿಂತ ನಾಲ್ಕು ಕಡಿಮೆ. ಮುಖ ಸಣ್ಣದಾಯಿತು. ಅತ್ತೆ ಹಲಸಿನ ತೊಳೆ ಬಿಡಿಸುತ್ತಾ, "ಮಳೆಗಾಲ ಮುಗಿದ ಮೇಲೆ ಮತ್ತೊಂದ್ಸಲ ಹೋಗೋಣ, ಹೊಳೆ ತುಂಬಿರುತ್ತೆ" ಅಂದರು.

ನೀವು ಕಾರು ಕೊಳ್ಳಲು ಹೋಗುವುದಾದರೆ ಮೈಲೇಜ್ ಕೇಳುವವರು ಕೇಳಲಿ, ನೀವು ಟೇಪು ಒಯ್ಯಿರಿ. ಮನೆಯ ಹಿರಿಯರನ್ನೂ ಕರೆದೊಯ್ದು ಒಂದು ಸಲ ಹತ್ತಿಸಿ, ಇಳಿಸಿ ನೋಡಿ. ನಮ್ಮ ಮಣೆ ಈಗ ಅಡುಗೆಮನೆಗೆ ವಾಪಸು ಬಂದಿಲ್ಲ, ಡಿಕ್ಕಿಯಲ್ಲೇ ಇದೆ.