ಗಾಜಿನ ಮೇಲಿನ ಹೆಬ್ಬೆಟ್ಟು

ನಮ್ಮೂರ ಹೆಸರು ಕೊಹಿನೂರ. ಬೀದರ ಜಿಲ್ಲೆ, ಬಸವಕಲ್ಯಾಣ ತಾಲ್ಲೂಕಿನ ಹೋಬಳಿ ಊರು. ಹೆಸರು ಹೇಳಿದ ಕೂಡಲೇ ಹೈದರಾಬಾದಿನ ಗೆಳೆಯರು ‘ಹೀರಾ ಎಲ್ಲಿದೆ?’ ಎಂದು ಕಿಚಾಯಿಸುತ್ತಾರೆ. ಆ 105.6 ಕ್ಯಾರೆಟಿನ ಹರಳು ಲಂಡನ್ನಿನ ಟವರಿನೊಳಗೆ ಕಾವಲುಗಾರರ ನಡುವೆ ಕೂತಿದೆ. ನಮ್ಮೂರು ತೊಗರಿ ಹೊಲಗಳ ನಡುವೆ, ಕಾವಲಿಲ್ಲದೆ ತನ್ನ ಪಾಡಿಗೆ ತಾನಿದೆ. ಕದಿಯುವಂಥದ್ದು ನಮ್ಮಲ್ಲೇನಿದೆ ಎಂಬ ಧೈರ್ಯ. ಕಾಕಾ ಸ್ಮಾರ್ಟ್‌ಫೋನ್ ತಗೊಂಡ ಮೇಲೆ ಗೊತ್ತಾಯಿತು: ನಮ್ಮಲ್ಲೂ ಒಂದು ಒಡವೆ ಇತ್ತು, ಬಿಡುವಿನ ಹೊತ್ತು. ಅದನ್ನು ಯಾರೋ ಚೂರು ಚೂರಾಗಿ ಒಯ್ಯುತ್ತಿದ್ದರು.

ಕಳೆದ ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ನಮ್ಮ ಕಡೆ ಆ ದಿನದ ಊಟ ಹೊಲದಲ್ಲೇ. ಚರಗ ಚೆಲ್ಲಿ, ಬೇವಿನ ಗಿಡದ ನೆರಳಿಗೆ ಸಾಲಾಗಿ ಕೂತು, ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಅಂಬಲಿ. ಎಲ್ಲರೂ ಕೂತದ್ದನ್ನು ನೋಡಿ ಕಾಕಾನಿಗೆ ಖುಷಿಯಾಗಿ ಫೋಟೋ ತೆಗೆಯಲು ಎದ್ದು ನಿಂತ. ನಾವು ಹಲ್ಲು ಕಿರಿದೆವು. ಕಾಕಾ ಫೋನನ್ನೇ ದಿಟ್ಟಿಸುತ್ತ ನಿಂತ.

‘ತಡೀರಿ, ಒಬ್ಬಾಂವ ಬಂದಾನ. ಹೋಗ್ಲಿ.’

‘ಯಾರ್ ಬಂದಾರ?’ ಎಂದು ಕಾಕಿ ಬದುವಿನ ಕಡೆ ತಿರುಗಿ ನೋಡಿದಳು.

‘ಎರಡ್ ನಿಮಿಷದಾಗ ಸಾಲ ಕೊಡ್ತೀನಿ ಅಂಬಾಂವ.’

ಸಾಲದವನು ಹೋದ, ಮೊಣಕಾಲು ನೋವಿನ ಎಣ್ಣೆಯವನು ಬಂದ. ಅವನ ಹಿಂದೆಯೇ ಇಸ್ಪೀಟು ಆಡಲು ಕರೆಯುವವನು. ಮೂವರನ್ನೂ ಸಾಗಹಾಕಿ ಕಾಕಾ ಫೋಟೋ ತೆಗೆಯುವ ಹೊತ್ತಿಗೆ ಅರ್ಧ ಮಂದಿಯ ನಗು ಒಣಗಿತ್ತು, ಉಳಿದರ್ಧ ಮಂದಿಯ ಬಾಯಲ್ಲಿ ಕಡಬು ಇತ್ತು.

‘ಕಾಕಾ, ಮೂಲ್ಯಾಗ ಗುಣಿಸೋ ಗುರುತಿನಂಥಾದ್ದು ಇರ್ತದ ನೋಡು, ಅದನ್ನ ಒತ್ತು’ ಎಂದೆ. ಅವನು ತನ್ನ ಹೆಬ್ಬೆರಳು ತೋರಿಸಿದ. ನಲವತ್ತು ವರ್ಷ ಕುಡಗೋಲು ಹಿಡಿದು, ಉಗುರು ಅಗಲವಾಗಿ, ತುದಿ ಅಡಕೆಯ ಹಾಗೆ ಗಟ್ಟಿಯಾದ ಬೆರಳು. ಆ ಗುಣಿಸೋ ಗುರುತು ಸಾಸಿವೆ ಕಾಳಿನಷ್ಟು. ಒಂದನ್ನು ಒತ್ತಲು ಹೋದರೆ ಸುತ್ತಲಿನ ನಾಲ್ಕು ಬಾಗಿಲು ತೆರೆದುಕೊಳ್ಳುತ್ತವೆ. ಗುರುತನ್ನು ಅಷ್ಟು ಚಿಕ್ಕದು ಮಾಡಿದವನಿಗೆ ಕಾಕಾನ ಬೆರಳಿನ ಅಳತೆ ಚೆನ್ನಾಗಿಯೇ ಗೊತ್ತಿರಬೇಕು. ಇನ್ನು ಯೂಟ್ಯೂಬಿನಲ್ಲಿ ಐದು ಸೆಕೆಂಡಾದ ಮೇಲೆ ಜಾಹೀರಾತು ದಾಟಿ ಹೋಗುವ ಗುಂಡಿ 2010ರಿಂದಲೂ ಇದೆ. ಕಾಕಾ ಅದನ್ನು ಒಂದು ದಿನವೂ ಒತ್ತಿಲ್ಲ. ‘ಮಾತಾಡೋರ ಮಾತ ನಡುವ ಕಡೀಬಾರದಪಾ’ ಎನ್ನುತ್ತಾನೆ. ಸಿಮೆಂಟಿನವನು, ಸಾಬೂನಿನವನು, ಯಾರೇ ಬರಲಿ, ಪೂರ್ತಿ ಕೇಳಿ, ಕೊನೆಗೆ ‘ಆಯ್ತು’ ಎಂದು ತಲೆಯಾಡಿಸಿ ಕಳಿಸಿಕೊಡುತ್ತಾನೆ.

ಊಟವಾದ ಮೇಲೆ ಕಾಕಾ ಟವೆಲ್ಲು ತಲೆಗಿಟ್ಟುಕೊಂಡು ಗಿಡದ ಬುಡಕ್ಕೆ ಅಡ್ಡಾದ. ನಾನು ಅವನ ಫೋನು ಹಿಡಿದು ಕೂತೆ. ಪರದೆಯ ಮೇಲಿಂದ ಬೆರಳು ಇಳಿಸಿದರೆ ಸೂಚನೆಗಳ ಸಾಲು ತೊಗರಿ ಸಾಲಿನಷ್ಟು ಉದ್ದ. ‘ನಿಮ್ಮ ಫೋನಿನಲ್ಲಿ 13 ವೈರಸ್.’ ‘ನಿಮಗೆ ಬಹುಮಾನ ಕಾದಿದೆ.’ ‘ನಿಮ್ಮಿಂದ ಮೂರು ಕಿಲೋಮೀಟರ್ ದೂರದಲ್ಲಿ ಒಂಟಿ ಸುಂದರಿ.’ ನಾನು ಸುತ್ತ ನೋಡಿದೆ. ಕಣ್ಣು ಹಾಯುವಷ್ಟು ದೂರ ತೊಗರಿ, ಕಡಲೆ, ಒಂದು ಬಾವಿ, ಮತ್ತು ಒಂಟಿಯಾಗಿ ನಿಂತ ಒಂದು ಎಮ್ಮೆ.

ಬ್ರೌಸರಿನ ಸೆಟ್ಟಿಂಗ್ಸ್ ತೆರೆದು ನೋಡಿದರೆ ಇಪ್ಪತ್ತೇಳು ಸೈಟುಗಳಿಗೆ ಸೂಚನೆ ಕಳಿಸುವ ಅಪ್ಪಣೆ ಸಿಕ್ಕಿತ್ತು. ಇವು ಅಪ್ಪಣೆ ಪಡೆಯುವ ಉಪಾಯ ಒಂದೇ: ‘ನೀವು ಯಂತ್ರವಲ್ಲ, ಮನುಷ್ಯರು ಎಂದು ತೋರಿಸಲು ಅಲೋ ಒತ್ತಿ.’ ನೀನು ಮನುಷ್ಯನೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ಕಾಕಾನಂಥವನು ಸುಮ್ಮನಿರುತ್ತಾನೆಯೇ? ಇಪ್ಪತ್ತೇಳು ಸಲ ರುಜುವಾತು ಮಾಡಿದ್ದ.

ಆದರೆ ಕ್ಯಾಮೆರಾದ ಮೇಲೂ ಬಂದು ಕೂರುವವರು ಬ್ರೌಸರಿನವರಲ್ಲ. ಫೋನನ್ನು ಸೇಫ್ ಮೋಡಿಗೆ ಹಾಕಿದೆ. ಆ ಸ್ಥಿತಿಯಲ್ಲಿ ಹೊರಗಿನಿಂದ ಹಾಕಿಕೊಂಡ ಆಪ್‌ಗಳು ಓಡುವುದಿಲ್ಲ, ಕಂಪನಿ ಕೊಟ್ಟವಷ್ಟೇ ಓಡುತ್ತವೆ. ಫೋನು ತಣ್ಣಗಾಯಿತು. ಅಂದರೆ ಕಳ್ಳ ಒಳಗೇ ಇದ್ದಾನೆ. ‘ಬೇರೆ ಆಪ್‌ಗಳ ಮೇಲೆ ತೋರಿಸು’ ಎಂಬ ಅನುಮತಿ ಯಾರ‍್ಯಾರಿಗಿದೆ ಎಂದು ಪಟ್ಟಿ ನೋಡಿದರೆ, ಅಲ್ಲಿ ಒಬ್ಬನಿಗೆ ಚಿತ್ರವಿಲ್ಲ, ಸರಿಯಾದ ಹೆಸರೂ ಇಲ್ಲ. ಇಂಥವು ಒಳಹೊಕ್ಕ ಮೇಲೆ ತಮ್ಮ ಗುರುತನ್ನೇ ಅಳಿಸಿಕೊಂಡು ಬಿಡುತ್ತವೆ. ಪರದೆಯಲ್ಲಿ ಹುಡುಕಿದರೆ ಕಾಣುವುದೇ ಇಲ್ಲ. ಕಾಕಾನನ್ನು ಎಬ್ಬಿಸಿ ಕೇಳಿದೆ.

‘ಫೋನ್ ಹೊಲಸ ಆಗ್ಯಾದ, ಸ್ವಚ್ಛ ಮಾಡ್ತೀನಿ ಅಂತ ಬಂದಿತ್ತಪಾ. ಮಾಡು ಅಂದೆ.’

ಕಸಬರಿಗೆಯೇ ಮನೆತುಂಬ ಕಸ ಚೆಲ್ಲಿತ್ತು.

ಇನ್ನೊಂದು ಸಂಕಟ ನಮ್ಮೂರ ಹೆಸರಿನಿಂದಲೇ ಬಂದದ್ದು. ಮಳೆ ಬರುತ್ತದೋ ಇಲ್ಲವೋ ನೋಡಲು ಕಾಕಾ ದಿನವೂ ‘ಕೊಹಿನೂರ’ ಎಂದು ಹುಡುಕುತ್ತಿದ್ದ. ಜಾಹೀರಾತಿನ ಯಂತ್ರಕ್ಕೆ ಊರು ಗೊತ್ತಿಲ್ಲ, ಪದ ಗೊತ್ತು. ಆ ಪದಕ್ಕೆ ಮೊದಲು ವಜ್ರದ ಉಂಗುರ ತೋರಿಸಿತು. ಆಮೇಲೆ ಬಾಸುಮತಿ ಅಕ್ಕಿ. ಅದೇ ಹೆಸರಿನ ಮೂರನೆಯ ಸರಕು ಯಾವುದೆಂದು ಕಾಕಿಯ ಎದುರು ಹೇಳುವಂತಿಲ್ಲ. ಎಪ್ಪತ್ತರ ಹತ್ತಿರ ಬಂದ ಕಾಕಾ ಆ ಮಳೆಗಾಲ ಪೂರ್ತಿ ಫೋನನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರ ಕಾರಣ ನನಗೆ ಆಗ ತಿಳಿಯಿತು.

‘ಇದೆಲ್ಲ ಯಾವಾಂವ ಶುರು ಮಾಡ್ಯಾನ?’ ಕಾಕಾ ಎದ್ದು ಕೂತು ಕೇಳಿದ.

ನಾನು ಗೊತ್ತಿದ್ದಷ್ಟು ಹೇಳಿದೆ. ವೆಬ್ ಪುಟದ ಮೇಲೆ ಮೊದಲ ಪಟ್ಟಿ ಜಾಹೀರಾತುಗಳು ಬಂದದ್ದು 1994ರ ಅಕ್ಟೋಬರ್ 27ರಂದು, ಅಮೆರಿಕದ ಹಾಟ್‌ವೈರ್ಡ್ ಎಂಬ ಪತ್ರಿಕೆಯ ಸೈಟಿನಲ್ಲಿ. ಮರುವರ್ಷ ಬ್ರೆಂಡನ್ ಐಕ್ ಎಂಬಾತ ಪುಟದ ಹಿಂದೆ ಕೂತು ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಹತ್ತು ದಿನದಲ್ಲಿ ಬರೆದ. ಪುಟ ನೋಡುವವರಿಗೆ ಒಳ್ಳೆಯದಾಗಲೆಂದೇ ಬರೆದದ್ದು. ಆದರೆ ಆ ಆಳು ಯಾರು ಹೇಳಿದ ಕೆಲಸವನ್ನಾದರೂ ಮಾಡುತ್ತಾನೆ. ಕಿಟಕಿ ತೆರೆ ಎಂದರೆ ತೆರೆಯುತ್ತಾನೆ, ನೀವು ಎಲ್ಲಿ ಬೆರಳಿಟ್ಟಿರೆಂದು ಎಣಿಸು ಎಂದರೆ ಎಣಿಸುತ್ತಾನೆ.

‘ಹತ್ತ್ ದಿನದಾಗ ಮೆಂತ್ಯಾ ಸುದಾ ಕೊಯ್ಲಿಕ್ ಬರಂಗಿಲ್ಲ’ ಎಂದ ಕಾಕಾ.

ಆ ದಶಕದ ಕೊನೆಗೆ ಈಥನ್ ಝುಕರ್‌ಮನ್ ಎಂಬಾತ ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದ. ಒಂದು ಕಾರಿನ ಕಂಪನಿಯ ಜಾಹೀರಾತು ಅಶ್ಲೀಲ ಪುಟವೊಂದರ ಮೇಲೆ ಕಾಣಿಸಿಕೊಂಡು ಅವರು ಗಲಾಟೆ ಮಾಡಿದರು. ಪುಟಕ್ಕೂ ಜಾಹೀರಾತಿಗೂ ಸಂಬಂಧ ಕಾಣಬಾರದೆಂದು ಝುಕರ್‌ಮನ್ ಜಾಹೀರಾತಿಗೆ ಬೇರೆಯೇ ಕಿಟಕಿ ತೆರೆಯುವ ಸ್ಕ್ರಿಪ್ಟ್ ಬರೆದ. ಪಾಪ್‌ಅಪ್ ಹುಟ್ಟಿದ್ದು ಹಾಗೆ. 2014ರಲ್ಲಿ ಒಂದು ಲೇಖನ ಬರೆದು, ತಪ್ಪಾಯಿತು, ನಮ್ಮ ಉದ್ದೇಶ ಒಳ್ಳೆಯದಿತ್ತು ಎಂದು ಕ್ಷಮೆ ಕೇಳಿದ.

‘ಒಪ್ಕೊಂಡನಲ್ಲ, ಬಿಡು. ಕುಂದಿರಿಸಿ ಚಹಾ ಕೊಡಬೇಕು ಅವಗ’ ಎಂದ ಕಾಕಾ. ಊರಲ್ಲಿ ಅವನು ಎಷ್ಟೋ ಬದುವಿನ ಜಗಳ ಬಗೆಹರಿಸಿದ್ದಾನೆ. ತಪ್ಪು ಒಪ್ಪಿಕೊಂಡವನ ಮೇಲೆ ಅವನಿಗೆ ವಿಶ್ವಾಸ.

ಫೋನಿಗೆ ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಯುಬ್ಲಾಕ್ ಒರಿಜಿನ್ ಜೋಡಿಸಿದೆ. 2014ರಲ್ಲಿ ರೇಮಂಡ್ ಹಿಲ್ ಎಂಬಾತ ಹೊರತಂದದ್ದು. ಜಾಹೀರಾತು ಎಲ್ಲಿಂದ ಬರುತ್ತದೋ ಆ ವಿಳಾಸಗಳ ಪಟ್ಟಿ ಇಟ್ಟುಕೊಂಡು, ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ. ಇಷ್ಟು ಮಾಡಿಯೂ ಅವನು ಯಾರಿಂದಲೂ ದೇಣಿಗೆ ತೆಗೆದುಕೊಳ್ಳುವುದಿಲ್ಲ ಎಂದಾಗ ಕಾಕಾ ಕೈಮುಗಿದ. ‘ಶರಣ ಇರಬೇಕು ಅಂವ.’ ಬಸವಕಲ್ಯಾಣದ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪದವಿ ಇಲ್ಲ.

ಸಂಜೆ ಮನೆಗೆ ಬಂದೆವು. ರಸ್ತೆಗೆ ಮುಖ ಮಾಡಿದ ನಮ್ಮ ಗೋಡೆಯ ಮೇಲೆ ಇನ್ನೂ ಒಂದು ಹಳೆಯ ಜಾಹೀರಾತಿನ ಗುರುತು ಉಳಿದಿದೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಬರೆಸಿದ್ದು. ಯಾವುದೋ ಗೊಬ್ಬರದ್ದು. ಹಳದಿ ನೆಲ, ನೀಲಿ ಅಕ್ಷರ. ಪೇಂಟರ್ ಸೈಕಲ್ಲಿನಲ್ಲಿ ಡಬ್ಬಿ ಕಟ್ಟಿಕೊಂಡು ಬಂದು, ಚಪ್ಪಲಿ ಕಳಚಿ, ‘ಬರೀಲೇನ್ರಿ?’ ಎಂದು ಮುತ್ಯಾನನ್ನು ಕೇಳಿದ್ದ. ಮುತ್ಯಾ ಒಂದೇ ಕರಾರು ಹಾಕಿದ: ದೀಪ ಇಡುವ ಗೂಡಿಗೆ ಬಣ್ಣ ತಾಗಬಾರದು. ಪೇಂಟರ್ ಗೂಡು ಬಿಟ್ಟು ಬರೆದ. ‘ಗೊಬ್ಬರ’ದ ‘ಬ್ಬ’ ಗೂಡಿನ ಹತ್ತಿರ ಬಂದು, ಸ್ವಲ್ಪ ಕುಗ್ಗಿ, ಪಕ್ಕಕ್ಕೆ ಸರಿದು ನಿಂತಿತ್ತು, ದೊಡ್ಡವರು ಎದುರು ಬಂದಾಗ ಸರಿದು ನಿಲ್ಲುವ ಹುಡುಗನ ಹಾಗೆ. ಸಂಜೆ ಆಯಿ ದೀಪ ಇಟ್ಟರೆ ಅದರ ಬೆಳಕು ಆ ಅಕ್ಷರದ ಮೇಲೇ ಬೀಳುತ್ತಿತ್ತು. ಡಂಗುರದವನೂ ಹಾಗೆಯೇ. ಹಣಮಂದೇವರ ಗುಡಿ ಎದುರು ಹಲಗೆ ಬಾರಿಸಿ, ಹೇಳುವುದನ್ನು ಹೇಳಿ, ಮುಂದಿನ ಓಣಿಗೆ ಹೋಗುತ್ತಿದ್ದ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ, ಮಾಣಿಕನಗರದ ಜಾತ್ರೆಯಲ್ಲಿ ಎಷ್ಟು ಕೂಗುವವರು! ಆದರೆ ಅಲ್ಲಿಗೆ ನಾವೇ ಹೋಗುತ್ತಿದ್ದೆವು. ಜಾತ್ರೆ ಮುಗಿದರೆ ಅವರೂ ಗಂಟು ಕಟ್ಟುತ್ತಿದ್ದರು. ಈಗ ಜಾತ್ರೆಯೇ ಕಿಸೆಯೊಳಗೆ ಬಂದಿದೆ, ತೇರು ಎಳೆದು ಮುಗಿಯುವುದೇ ಇಲ್ಲ.

ಮುತ್ಯಾ ಸಾವುಕಾರನ ಕಾಗದಕ್ಕೆ ಓದಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದ. ಏಳನೆಯ ಇಯತ್ತೆ ಪಾಸಾದ ಕಾಕಾ ಗಾಜಿನ ಮೇಲೆ ಒತ್ತುತ್ತಾನೆ. ಸಾವುಕಾರನಾದರೂ ವರ್ಷಕ್ಕೆ ಒಂದೇ ಸಲ ಬರುತ್ತಿದ್ದ.

ಸರಕಾರ ಸುಮ್ಮನಿಲ್ಲ, 2023ರ ನವೆಂಬರ್‌ನಲ್ಲೇ ಇಂಥ ಮೋಸದ ವಿನ್ಯಾಸಗಳ ಮೇಲೆ ನಿಯಮ ಬಂದಿದೆ, ಒಟ್ಟು 13 ಬಗೆಯ ಮೋಸ ಎಣಿಸಿದ್ದಾರೆ, ಅದರಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿ ಪೀಡಿಸುವುದೂ ಒಂದು ಎಂದು ನಾನು ವಿವರಿಸುತ್ತಿದ್ದಾಗ ಕಾಕಿ ಚಹಾ ತಂದಳು.

‘ದಿನಕ್ಕ ಎಂಟ್ ಸಲ ಚಹಾ ಚಹಾ ಅಂತ ಕೇಳೋದು ಅದ್ರಾಗ ಬರ್ತದೇನು?’

ಕಾಕಾ ಕೇಳಿಸದವನ ಹಾಗೆ ಬಶಿಗೆ ಚಹಾ ಸುರಿದುಕೊಂಡ.

ಇನ್ನು ಹಳೆಯ ಬ್ರೌಸರಿನಲ್ಲಿ ಎಲ್ಲ ಅಪ್ಪಣೆ ಅಳಿಸಿದ್ದು ಸರಿಯಾಯಿತೋ ನೋಡೋಣವೆಂದು, ಕಾಕಾ ತೊಗರಿಯ ದರ ನೋಡುವ ಪುಟವನ್ನೇ ತೆರೆದೆ. ಅಪ್ಪಣೆ ಕಳೆದುಕೊಂಡ ಪುಟ ಮತ್ತೆ ಹೊಸದಾಗಿ ಕೇಳುತ್ತದೆ. ಬ್ರೌಸರಿನ ಪೆಟ್ಟಿಗೆಗೆ ಮೊದಲು ಸೈಟಿನವರದೇ ಒಂದು ಪೆಟ್ಟಿಗೆ ಬರುತ್ತದೆ, ಅದರೊಳಗಿನ ಮಾತು ಅವರು ಬರೆಸಿದ್ದು. ಆ ಪೆಟ್ಟಿಗೆ ಬಂತು:

‘ಬೇಸರವಿಲ್ಲದಿದ್ದರೆ ದಿನಕ್ಕೊಂದು ಸುದ್ದಿ ಹೇಳಲೇ?’

ಕೆಳಗೆ ಹಸಿರು ಗುಂಡಿಯಲ್ಲಿ ದೊಡ್ಡದಾಗಿ ‘ಹೇಳಿ’. ಅದರ ಕೆಳಗೆ, ಬೂದು ಬಣ್ಣದಲ್ಲಿ, ಇರುವೆ ಸಾಲಿನಂತೆ ‘ಈಗ ಬೇಡ’.

ಬಾಯಿಗೆ ಹೋಗುತ್ತಿದ್ದ ಬಶಿ ನಡುವೆಯೇ ನಿಂತಿತು. ಅದು ನನ್ನ ವಾಕ್ಯ.

ಹೈದರಾಬಾದಿನಲ್ಲಿ ನನ್ನ ಹೊಟ್ಟೆ ಹೊರೆಯುವ ಕೆಲಸವೇ ಅದು. ಕಂಪನಿಗಳ ಇಂಗ್ಲಿಷು ಮಾತುಗಳನ್ನು ಕನ್ನಡ ಮಾಡುವುದು, ಪದಕ್ಕೆ ಇಷ್ಟು ಎಂದು. ಯಾರಿಗಾಗಿ, ಯಾವ ಸೈಟಿಗೆ ಎಂದು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಎರಡು ವರ್ಷದ ಹಿಂದೆ ಬಂದ ಒಂದು ಹಾಳೆಯಲ್ಲಿ ಈ ಸಾಲಿತ್ತು. ಉಳಿದವರು ‘ಅನುಮತಿಸಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಪ್ಪಣೆ ಕೇಳುವ ಮಾತು ಅಪ್ಪಣೆ ಕೊಡುವ ಹಾಗೆ ಇರಬಾರದೆಂದು ನಾನು ಅರ್ಧ ದಿನ ಕೂತು ತಿದ್ದಿದ್ದೆ. ನಮ್ಮ ಕಡೆ ಹೊಸ್ತಿಲಲ್ಲಿ ನಿಂತು ಮಾತಾಡುವ ಧಾಟಿ ಬರಬೇಕು ಎಂದು ‘ಬೇಸರವಿಲ್ಲದಿದ್ದರೆ’ ಸೇರಿಸಿದ್ದೆ. ಚೆನ್ನಾಗಿದೆ ಎಂದು ಮೇಲಿನವರು ಹೊಗಳಿದ್ದರು. ಆ ಪೇಂಟರ್ ಚಪ್ಪಲಿ ಕಳಚಿ ಕೇಳಿದ ‘ಬರೀಲೇನ್ರಿ?’ಯನ್ನೇ ನಾನು ಒಯ್ದು ಮಾರಿದ್ದೆ. ಗೂಡು ಬಿಟ್ಟು ಬರೆಯುವ ಕರಾರು ಮಾತ್ರ ಒಯ್ದಿರಲಿಲ್ಲ.

‘ಕಾಕಾ, ಇದಕ್ಕ ಯಾಕ ಹೂಂ ಅಂದಿದ್ದಿ?’

ಕಾಕಾ ಕನ್ನಡಕ ಏರಿಸಿ ಓದಿದ. ‘ಉಳಿದೋವೆಲ್ಲ ಇಂಗ್ಲೀಷಿನಾಗ ಒದರ್ತಾವ. ಇದೊಂದ್ ನಮ್ ಮಾತಿನಾಗ, ಮರ್ಯಾದಿ ಕೊಟ್ ಕೇಳ್ಯಾದ. ಬ್ಯಾಡ ಅಂತ ಹ್ಯಾಂಗ ಅನ್ಲಿ?’

ಹೇಳಿಬಿಟ್ಟೆ. ನಾನೇ ಬರೆದದ್ದು, ತಪ್ಪಾಯಿತು ಎಂದೆ. ಝುಕರ್‌ಮನ್ನನ ಹಾಗೆ ಉದ್ದೇಶ ಒಳ್ಳೆಯದಿತ್ತು ಎನ್ನಲು ಬಾಯಿ ಬರಲಿಲ್ಲ. ಕಾಕಾ ನನ್ನ ಮುಖ ನೋಡಿದ, ಫೋನು ನೋಡಿದ. ‘ಚಹಾ ಕುಡಿ, ಆರ್ಲಾಕತ್ತದ’ ಎಂದ. ಅಷ್ಟೇ.

ಮರುದಿನ ಹುಮನಾಬಾದಿನಲ್ಲಿ ಹೈದರಾಬಾದಿನ ಬಸ್ಸು ಹಿಡಿದೆ. ಹೆದ್ದಾರಿಗೆ ಬಿದ್ದು ಅರ್ಧ ತಾಸಾಗಿರಬೇಕು, ಕಾಕಾನ ಫೋನು ಬಂತು.

‘ಸೀಟ್ ಸಿಕ್ಕದೇನು?’

‘ಸಿಕ್ಕದ. ಫೋನ್ ಹ್ಯಾಂಗದ ಕಾಕಾ?’

‘ಸುಮ್ಮ ಅದ. ಮುಂಜಾನಿಂದ ಒಬ್ರೂ ಬಂದಿಲ್ಲ.’ ಸ್ವಲ್ಪ ಹೊತ್ತು ಅವನೂ ಸುಮ್ಮನಿದ್ದ. ಹಿಂದೆ ಕಾಕಿ ಏನೋ ಹೇಳುತ್ತಿದ್ದದ್ದು ಕೇಳಿಸಿತು. ‘ತಮ್ಮಾ, ಎಲ್ಲಾ ತೆಗೆದಿದ್ದು ಛಲೋ ಮಾಡ್ದಿ. ಆ ಒಂದು ಕನ್ನಡದ್ದು ಇಡಬೇಕಾಗಿತ್ತು. ನೀ ಬರ್ದಿದ್ದಂತ ಮೊದಲ ಗೊತ್ತಿದ್ರ ತೆಗೀಲಾಕ ಬಿಡ್ತಿರಲಿಲ್ಲ.’