ಗುಜರಾತಿನ ಸಿಂಗಾರದಂಗಡಿಗಳು

ಅಭ್ಯಂಜನಕ್ಕೆ ಸೀಗೆಕಾಯಿ ಕುಟ್ಟುವ ಮನೆಗಳಿಂದ ಬಂದ ನಮಗೆ ಗುಜರಾತಿ ಮದುವೆಯ 'ಪೀಠಿ' ಹೊಸದೆನಿಸುವುದಿಲ್ಲ. ಅರಿಸಿನ ಬೆರೆಸಿ ವಧೂವರರ ಮೈಗೆ ಹಚ್ಚುವ ಆ ಶಾಸ್ತ್ರವನ್ನೇ ಇಲ್ಲಿಯ ಹಳೆಯ ಬ್ಯೂಟಿ ಪಾರ್ಲರ್ ಎನ್ನಬಹುದು. ಕ್ಷೌರ, ಮಾಲೀಸುಗಳು ವಾಳಂದ ಕುಲದವರ ಪಾಲಿನವು. ಅವರಿಲ್ಲದೆ ಶುಭಕಾರ್ಯ ನಡೆಯದು; ಆದರೂ ಅವರಿಗೆ ಸಂದ ಮರ್ಯಾದೆ ಕಡಮೆಯೇ.

ವಡೋದರೆಯಲ್ಲಿ ಮೈ ತಿಕ್ಕುವ ವಿದ್ಯೆ ಗರಡಿಯಲ್ಲೂ ಬೆಳೆಯಿತು. ಪ್ರೊಫೆಸರ್ ಮಾಣಿಕರಾಯರ ಜುಮ್ಮಾದಾದಾ ವ್ಯಾಯಾಮ ಮಂದಿರ ಕುಸ್ತಿಯೊಡನೆ ಮೂಳೆ ಕೂಡಿಸುವುದಕ್ಕೂ ಹೆಸರಾಯಿತು. ಪರಿಮಳದ ದೀಪ, ಮಂದ ಸಂಗೀತ ಅಲ್ಲಿಗೆ ಬೇಕಿರಲಿಲ್ಲ. ಉಳುಕಿದ ತೋಳು ನೆಟ್ಟಗಾದರೆ ಸಾಕು!

ಗುಜರಾತಿಗಳ ಕೈಗೆ ಬಂದದ್ದು ವ್ಯಾಪಾರವಾಗದೆ ಉಳಿಯುವುದುಂಟೇ? ಸೆಟ್ ವೆಟ್, ಲಿವಾನ್‌ಗಳನ್ನು ಹೊರತಂದದ್ದು ಅಹಮದಾಬಾದಿನ ಪಾರಸ್ ಕಂಪನಿ. 2012ರಲ್ಲಿ ಅವು ಮುಂಬಯಿಯ ಮ್ಯಾರಿಕೊ ಪಾಲಾದುವು. ಫಾಗ್ ಸುಗಂಧವೂ ಅಹಮದಾಬಾದಿನದೇ. ಇತ್ತ ಸೊಸೈಟಿಗಳಲ್ಲಿ ಎಷ್ಟೋ ಗೃಹಿಣಿಯರು ಮುಂಗೋಣೆಯಲ್ಲಿ ಒಂದು ಕನ್ನಡಿ, ಒಂದು ಕುರ್ಚಿ ಇಟ್ಟು ಪಾರ್ಲರ್ ತೆರೆದರು. ನವರಾತ್ರಿಯ ಗರ್ಬಾ ಸಮೀಪಿಸಿತೆಂದರೆ ಅವರಿಗೆ ಊಟಕ್ಕೂ ಬಿಡುವಿಲ್ಲ. ಕುಲ ಕೇಳುವವರೂ ಇಲ್ಲ. ಇದು ಸಣ್ಣ ಬದಲಾವಣೆಯಲ್ಲ. ಗುಜರಾತ್ ಸರ್ಕಾರ ತನ್ನ ಮಾನವ ಕಲ್ಯಾಣ ಯೋಜನೆಯಲ್ಲಿ ಪಾರ್ಲರ್ ಕಸುಬನ್ನು ಪ್ಲಂಬರ್ ಕೆಲಸದ ಸಾಲಿನಲ್ಲೇ ಇಟ್ಟು ಉಪಕರಣಗಳಿಗೆ ನೆರವಾಯಿತು. ಗುಮಾಸ್ತನ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ: 2025ರ ಸೆಪ್ಟೆಂಬರ್ 22ರಿಂದ ಈ ಸೇವೆಗಳ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕಿಳಿಯಿತು. ಕೊಂಡ ಸಾಮಾನಿಗೆ ಕೊಟ್ಟ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯ ಮಾತ್ರ ತಪ್ಪಿತು.

ಸೂರತ್ತಿನಲ್ಲಿ ವಜ್ರ, ಸೀರೆಗಳ ಹಣ ಹರಿದ ಬಡಾವಣೆಗಳಲ್ಲಿ ಗಾಜಿನ ಬಾಗಿಲ ಸ್ಪಾಗಳೆದ್ದಿವೆ. ವೇಸು ಕಡೆ ಹೋದರೆ ಬೋರ್ಡುಗಳೇ ಬೋರ್ಡುಗಳು. ಒಳಗೆ ದುಡಿಯುವವರಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಹುಡುಗಿಯರೂ ಇದ್ದಾರೆ, ಊರಿಗೆ ಹಣ ಕಳಿಸುವವರು. 2023ರ ಸೆಪ್ಟೆಂಬರಿನಲ್ಲಿ ಅಹಮದಾಬಾದಿನ ಒಂದು ಸ್ಪಾದಲ್ಲಿ ಅಂಥ ಯುವತಿಯೊಬ್ಬಳನ್ನು ಅದನ್ನು ನಡೆಸುತ್ತಿದ್ದವನೇ ಬಡಿದೆಳೆದುದನ್ನು ದೇಶವೆಲ್ಲ ವಿಡಿಯೋದಲ್ಲಿ ನೋಡಿತು. ಮರುತಿಂಗಳು ರಾಜ್ಯದಾದ್ಯಂತ ಸ್ಪಾಗಳ ಮೇಲೆ ಪೋಲೀಸ್ ದಾಳಿಗಳಾದುವು. ಮರೆಯಲ್ಲಿ ಅನ್ಯಾಯದ ದಂಧೆ ನಡೆಸುವವರನ್ನು ಹಿಡಿಯಬೇಕಾದದ್ದೇ. ಆದರೆ ಪ್ರಾಮಾಣಿಕವಾಗಿ ಕೈಕೆಲಸ ಮಾಡುವ ಹುಡುಗಿಯ ಮೇಲೂ ಅದೇ ಮಸಿ ಬೀಳುತ್ತದೆ. ಸ್ಪಾದಲ್ಲಿ ಕೆಲಸವೆಂದು ಬಾಯಿಬಿಟ್ಟರೆ ಬಾಡಿಗೆಗೆ ಕೋಣೆ ಸಿಗುವುದೂ ಕಷ್ಟ. ಹೊರನಾಡಿನಲ್ಲಿ ಮನೆ ಹುಡುಕಿ ಅಲೆದ ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.