ಶ್ರೀರಂಗಪಟ್ಟಣದ ದ್ವೀಪಪ್ರದಕ್ಷಿಣೆ

ದ್ವೀಪವೆಂದೊಡನೆ ಕಡಲ ನಡುವಣ ನೆಲವೇ ಕಣ್ಣಿಗೆ ಕಟ್ಟುವುದು ಸಹಜ. ಆದರೆ ಎರಡು ಕಡೆ ನೀರುಳ್ಳದ್ದೆಂಬುದೇ ಆ ಶಬ್ದದ ವ್ಯುತ್ಪತ್ತಿ. ಈ ಅರ್ಥಕ್ಕೆ ಶ್ರೀರಂಗಪಟ್ಟಣವು ಚೆನ್ನಾಗಿ ಒಪ್ಪುತ್ತದೆ. ಕಾವೇರಿಯು ಇಲ್ಲಿ ಇಬ್ಭಾಗವಾಗಿ, ಸುಮಾರು 3 ಮೈಲಿ ಉದ್ದ, 1 ಮೈಲಿ ಅಗಲದ ನೆಲವನ್ನು ಬಳಸಿ, ಮೂಡಣ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಶಿವನಸಮುದ್ರವು ಮಧ್ಯರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ, ಇದು ಆದಿರಂಗ.

ಕಳೆದ ವೈಶಾಖಮಾಸದಲ್ಲಿ ಮಹಾಲಿಂಗಪುರದಿಂದ ಹೊರಟ ನಾವು ಐವರು ಮೈಸೂರಿನಲ್ಲಿ ಮೋಟಾರೊಂದನ್ನು ಬಾಡಿಗೆಗೆ ಗೊತ್ತುಮಾಡಿ, ಸ್ಥಳಗಳನ್ನು ವಿವರಿಸಲು ಒಬ್ಬ ಮಾರ್ಗದರ್ಶಕನನ್ನೂ ಕೂಡಿಕೊಂಡೆವು. ದಾರಿಯ ಇಕ್ಕೆಲಗಳಲ್ಲಿಯೂ ಕಬ್ಬಿನ ಗದ್ದೆಗಳು ಕಂಡಾಗ ನಮ್ಮೊಡನಿದ್ದ ಬೆಲ್ಲದ ವರ್ತಕರಿಗೆ ಊರೇ ಎದುರುಗೊಂಡಂತಾಯಿತು.

ಮೊದಲು ಶ್ರೀರಂಗನಾಥನ ದರ್ಶನ. ಶೇಷಶಾಯಿಯಾದ ಸ್ವಾಮಿಯ ಆಲಯವು ಅಚ್ಚುಕಟ್ಟಾಗಿ ನಿಂತಿದೆ. ಅದರ ಸಮೀಪದಲ್ಲಿದ್ದ ಟಿಪ್ಪೂಸುಲ್ತಾನನ ಅರಮನೆಯಾದರೋ ಅಳಿದು ಅವಶೇಷಮಾತ್ರವಾಗಿದೆ. ಅಲ್ಲಿಂದ ಪಡುವಣ ಕೋಟೆಗೋಡೆಯ ಬಳಿಗೆ ಹೋದೆವು. ಕೆಳಗೆ ಬಂಡೆಗಳ ನಡುವೆ ನದಿಯು ಕಿರಿದಾಗಿ ಹರಿಯುತ್ತಿತ್ತು. ವರ್ತಕರು, “ಮಾಸ್ತರ, ಹೊಳಿ ಇಷ್ಟ ಸಣ್ಣದಿದ್ದರ ಕೋಟಿಗೆ ಅದೆಂಥಾ ಕಾವಲರೀ?” ಎಂದರು. “ಹೊತ್ತಾಗುತ್ತೆ ಸ್ವಾಮಿ” ಎಂದು ಮಾರ್ಗದರ್ಶಕನು ಅವಸರಪಡಿಸಿದರೂ ನಾವು ಕದಲಲಿಲ್ಲ. ಆ ಪ್ರಶ್ನೆಯಲ್ಲಿಯೇ ಈ ಪಟ್ಟಣದ ಕಥೆಯೆಲ್ಲ ಅಡಗಿತ್ತು.

ಬೇಸಗೆಯ ಘಟಪ್ರಭೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕಾವೇರಿಯು ದಾಟಲಾಗದ ಕಂದಕ. ವೈಶಾಖದಲ್ಲಿ ನಡೆದು ದಾಟಬಹುದಾದ ಹೊಳೆ. ಮುಂಗಾರು ಬಂದು ನದಿ ಏರುವ ಮುನ್ನವೇ ಕೆಲಸ ಮುಗಿಯಬೇಕೆಂಬ ಆತುರ ಇಂಗ್ಲಿಷ್ ಸೇನಾಪತಿ ಹ್ಯಾರಿಸನಿಗಿತ್ತು. ಫಿರಂಗಿಗಳಿಂದ ಗೋಡೆಯೊಡೆದು, 1799ರ ಮೇ 4ರ ಮಧ್ಯಾಹ್ನ ಆತನ ಸೈನ್ಯವು ಇದೇ ನೀರನ್ನು ದಾಟಿತು. ಅಂದೇ ಕೋಟೆ ಬಿದ್ದಿತು. ಸುಲ್ತಾನನೂ ಹೋರಾಡುತ್ತ ಮಡಿದನು.

ಅನಂತರ ಕಂಡದ್ದು ಕರ್ನಲ್ ಬೇಲಿಯ ಹೆಸರಿನ ಸೆರೆಮನೆ. ತಗ್ಗಾದ ಕಮಾನುಗಳು, ಕೈದಿಗಳನ್ನು ಕಟ್ಟುತ್ತಿದ್ದರೆಂದು ಹೇಳುವ, ಗೋಡೆಯಿಂದ ಹೊರಚಾಚಿದ ಕಲ್ಲುಗಳು. ಕೋಟೆಯ ಹೊರಗೆ, 1784ರಲ್ಲಿ ಕಟ್ಟಿದ ದರಿಯಾ ದೌಲತ್ ಎಂಬ ತೇಗದ ಮರದ ವಿಲಾಸಮಂದಿರವಿದೆ. ಅದರ ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವನ್ನು ಚಿತ್ರಿಸಿದ್ದಾರೆ. ಅಲ್ಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತವನೇ ಆ ಬೇಲಿ; ಸೆರೆಯಲ್ಲಿಯೇ 1782ರಲ್ಲಿ ತೀರಿಕೊಂಡನು. ಗೆದ್ದವರ ಸಂಭ್ರಮವೂ ಸೋತವನ ಸಂಕಟವೂ ಒಂದೇ ಗೋಡೆಯ ಮೇಲಿವೆ.

ಗುಂಬಜಿನಲ್ಲಿ ಹೈದರಾಲಿ, ಆತನ ಪತ್ನಿ, ಟಿಪ್ಪು ಮೂವರೂ ಮಲಗಿದ್ದಾರೆ. ಸಂಗಮದಲ್ಲಿ ಕೈಕಾಲು ತೊಳೆದು, ಬುತ್ತಿಯನ್ನು ಬಿಚ್ಚಿ ಉಂಡೆವು.

ಮಕ್ಕಳೊಡನೆ ಹೋಗುವ ಗೃಹಸ್ಥರು ಈ ದ್ವೀಪಕ್ಕೆ ಒಂದು ದಿನವನ್ನು ಪೂರ್ಣವಾಗಿ ಮೀಸಲಿಡಲಿ. ಮೊದಲು ಚಿತ್ರವನ್ನು, ಆಮೇಲೆ ಸೆರೆಮನೆಯನ್ನು ತೋರಿಸಲಿ. ಮೋಟಾರಿನವನು ಎಷ್ಟೇ ಅವಸರಪಡಿಸಲಿ, ಪಡುವಣ ಗೋಡೆಯ ಬಳಿ ಕಾಲುಗಂಟೆಯಾದರೂ ನಿಂತು ನದಿಯನ್ನು ನೋಡುವುದು ಒಳ್ಳೆಯದು.